ಜೇಡಿಮಣ್ಣು ಬೆರೆಸಿದರೆ ಕಾಂಪೋಸ್ಟ್ ಚೀಲ ಗಟ್ಟಿಯಾಗುತ್ತಾ?

ಪ್ರಶ್ನೆ: ಮಲ್ಲೇಶ್ವರಂನಲ್ಲಿ ನಾವು ತರಕಾರಿ ತರುವ ಅಂಗಡಿಯಲ್ಲಿ ಈಗ ಕಾಂಪೋಸ್ಟಬಲ್ ಚೀಲ ಕೊಡುತ್ತಾರೆ. ಎರಡು ಕೆಜಿ ಈರುಳ್ಳಿ, ನಾಲ್ಕು ನುಗ್ಗೆಕಾಯಿ ಹಾಕಿದರೆ ಮನೆ ಸೇರುವಷ್ಟರಲ್ಲಿ ಹರಿದಿರುತ್ತದೆ. ನ್ಯಾನೋ ಜೇಡಿಮಣ್ಣು ಬೆರೆಸಿದರೆ ಗಟ್ಟಿಯಾಗುತ್ತಂತೆ, ಹೌದಾ? ಆಮೇಲೂ ಅದು ಗೊಬ್ಬರ ಆಗುತ್ತಾ?

ಉತ್ತರ: ಗಟ್ಟಿಯಾಗುತ್ತದೆ. ಆದರೆ ನೀವು ಕೇಳುತ್ತಿರುವ ಗಟ್ಟಿತನ ಅದಲ್ಲ. ಬಿರುಸಾಗುವುದು ಬೇರೆ, ಹರಿಯದೆ ತಾಳುವುದು ಬೇರೆ.

ಇಂಥ ಚೀಲಗಳಲ್ಲಿ ಸಾಮಾನ್ಯವಾಗಿ ಪಿಬಿಎಟಿ ಅನ್ನುವ ಮೆತ್ತನೆಯ ಪಾಲಿಮರ್, ಅಂದರೆ ಪ್ಲಾಸ್ಟಿಕ್ಕಿನ ಮೂಲವಸ್ತು, ಇರುತ್ತದೆ. ಜೊತೆಗೆ ಪಿಎಲ್‌ಎ (ಜೋಳದಂಥ ಬೆಳೆಯ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್) ಅಥವಾ ಪಿಷ್ಟ ಸೇರಿಸುತ್ತಾರೆ. ಪಿಬಿಎಟಿ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಪಿಎಲ್‌ಎ ಹಾಗಲ್ಲ, ಸ್ವಲ್ಪ ಎಳೆದರೂ ಮುರಿಯುತ್ತದೆ. ಪಿಷ್ಟ ಅಗ್ಗ, ಆದರೆ ತೇವ ಹೀರುತ್ತದೆ. ಇವು ಒಂದಕ್ಕೊಂದು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಸರಿಯಾಗಿ ಬೆರೆಯದ ಜಾಗದಲ್ಲಿ ನುಗ್ಗೆಕಾಯಿ ತುದಿ ಚುಚ್ಚಿತೋ, ಹರಿಯಲು ಅಷ್ಟೇ ಸಾಕು.

ಈಗ ಮಣ್ಣಿನ ವಿಷಯ. ಇದಕ್ಕೆ ಜಾಸ್ತಿ ಬಳಸುವ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಗದಗ, ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ಇರುವುದೂ ಇದೇ ಜಾತಿಯ ಖನಿಜ. ಎರೆಹೊಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಸುವಷ್ಟು ಬಿರುಕು ಬಿಡುತ್ತದೆ, ಅಲ್ವಾ? ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಉಬ್ಬು, ನೀರು ಹೋದಾಗ ಬಿರುಕು. ನೀರು ಹೊಗುವ ಆ ಸಂದಿಗೆ ಪಾಲಿಮರನ್ನು ಹೊಗಿಸುವುದೇ ಇಲ್ಲಿನ ಉಪಾಯ. ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಎಲ್ಲವನ್ನೂ ಬಿಡಿಸಿದರೆ ಒಂದೇ ಗ್ರಾಂ ಮಣ್ಣಿನ ಹೊರಮೈ 700 ಚದರ ಮೀಟರಿನಷ್ಟಾಗುತ್ತದೆ. ನಮ್ಮೂರಿನ ಲೆಕ್ಕದಲ್ಲಿ ಆರು ಥರ್ಟಿ-ಫಾರ್ಟಿ ಸೈಟು! ಹಾಗಾಗಿ ನೂರಕ್ಕೆ 2ರಿಂದ 5 ಪಾಲು ಬೆರೆಸಿದರೂ ಗುಣ ಬದಲಾಗುತ್ತದೆ.

ಇದನ್ನು ಮೊದಲು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನ ಟೊಯೋಟಾ ಸಂಶೋಧಕರು, 1980ರ ದಶಕದ ಕೊನೆಯ ಹೊತ್ತಿಗೆ. ನೈಲಾನಿಗೆ ನೂರಕ್ಕೆ ಸುಮಾರು 5 ಪಾಲು ಈ ಮಣ್ಣು ಸೇರಿಸಿದಾಗ, ಭಾರ ಹೊತ್ತು ಬಾಗುವ ತಾಪಮಾನ 65 ಡಿಗ್ರಿಯಿಂದ ಸುಮಾರು 150 ಡಿಗ್ರಿಗೆ ಏರಿತು. ಅದೇ ದಾರಿಯನ್ನು ಆಮೇಲೆ ಪಿಎಲ್‌ಎ, ಪಿಬಿಎಟಿಗಳಲ್ಲೂ ಹಿಡಿದರು. ಗ್ರಾಫೀನ್ ಆಕ್ಸೈಡ್‌ನಂಥ (ಇಂಗಾಲದ ಬಹಳ ತೆಳು ಹಾಳೆ) ಬೇರೆ ಪದರದ ವಸ್ತುಗಳ ಮೇಲೂ ಕೆಲಸ ನಡೆದಿದೆ. ಆದರೆ ಅಗ್ಗದ ಚೀಲಕ್ಕೆ ಮಣ್ಣೇ ಸರಿ ಅನ್ನುವುದು ನನ್ನ ಅನಿಸಿಕೆ.

ಕಷ್ಟ ಇರುವುದು ಬೆರೆಸುವುದರಲ್ಲಿ. ಈ ಮಣ್ಣಿಗೆ ನೀರು ಇಷ್ಟ, ಪಿಎಲ್‌ಎಗೆ ಅಷ್ಟಿಲ್ಲ. ಅದಕ್ಕೇ ಪದರಗಳ ನಡುವೆ ಇರುವ ಸೋಡಿಯಂ ತೆಗೆದು, ಉದ್ದ ಬಾಲದ ಅಮೋನಿಯಂ ಲವಣ ಕೂರಿಸುತ್ತಾರೆ. ಆಗ ಸಂದಿ ಅಗಲವಾಗುತ್ತದೆ, ಪಾಲಿಮರಿಗೂ ಒಗ್ಗುತ್ತದೆ. ಎರಡು ತಿರುಪಿನ ಎಕ್ಸ್‌ಟ್ರೂಡರ್ ಅನ್ನುವ ಯಂತ್ರದಲ್ಲಿ ಕರಗಿಸಿ ಅರೆದಾಗ ಪದರಗಳು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದೆ ಗಂಟು ಉಳಿದರೆ ಚೀಲ ಇನ್ನೂ ಬೇಗ ಹರಿಯುತ್ತದೆ. ಚೆನ್ನಾಗಿ ಬಿಡಿಸಿಕೊಂಡರೂ ಪಿಎಲ್‌ಎ ಬಿರುಸಾಗುತ್ತದೆ, ಹಿಗ್ಗುವ ಗುಣ ಎಷ್ಟೋ ಸಲ ಕಮ್ಮಿಯೇ ಆಗುತ್ತದೆ. ಈರುಳ್ಳಿ ಹೊರುವ ಚೀಲಕ್ಕೆ ಅದು ಲಾಭವಲ್ಲ. ಅಲ್ಲಿ ಪಿಬಿಎಟಿ ಪಾಲು, ಹಾಳೆಯ ದಪ್ಪ, ಕೆಳಗಿನ ಹೊಲಿಗೆಯಂಥ ಬೆಸುಗೆ, ಇವೇ ಮುಖ್ಯ.

ಹಾಗಾದರೆ ಮಣ್ಣಿನಿಂದ ನಿಜವಾದ ಲಾಭ ಎಲ್ಲಿ? ತಿಂಡಿ ಪ್ಯಾಕೆಟ್ಟಿನಲ್ಲಿ. ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟನ್ನು ಬರೀ ಪಿಎಲ್‌ಎ ಹಾಳೆಯಲ್ಲಿ ಕಟ್ಟಿಟ್ಟರೆ ಮಾಮೂಲಿ ಪ್ಲಾಸ್ಟಿಕ್‌ಗಿಂತ ಬೇಗ ಮೆತ್ತಗಾಗುತ್ತದೆ, ಯಾಕೆಂದರೆ ಅದು ತೇವವನ್ನು ಒಳಗೆ ಬಿಡುತ್ತದೆ. ಹಾಳೆಯ ಉದ್ದಕ್ಕೂ ಮಣ್ಣಿನ ಪದರಗಳು ಅಡ್ಡಡ್ಡ ಮಲಗಿದ್ದರೆ ತೇವವಾಗಲಿ, ಆಮ್ಲಜನಕವಾಗಲಿ ನೇರ ನುಗ್ಗಲಾಗದು, ಸುತ್ತಿ ಬಳಸಿ ಬರಬೇಕು. ಅಷ್ಟು ತಡವಾದರೂ ತಿಂಡಿ ಗರಿಗರಿಯಾಗಿ ಉಳಿಯುತ್ತದೆ. ಇವತ್ತಿನ ಹೊಳೆಯುವ ತಿಂಡಿ ಪ್ಯಾಕೆಟ್ಟುಗಳಲ್ಲಿ ಬೇರೆ ಬೇರೆ ಪದರ ಅಂಟಿಕೊಂಡಿರುವುದರಿಂದ ಮರುಬಳಕೆ ಬಹಳ ಕಷ್ಟ. ಅವುಗಳ ಜಾಗಕ್ಕೆ ಇಂಥದ್ದು ಬರಲಿ ಎಂದು ನನಗೆ ತುಂಬಾ ಆಸೆ.

ಇನ್ನು ಗೊಬ್ಬರ. ಪಾಲಿಮರ್ ಕೊಳೆತರೆ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅಮೋನಿಯಂ ಲವಣದ ಬಗ್ಗೆ ಮಾತ್ರ ಎಚ್ಚರ ಬೇಕು, ಅವುಗಳಲ್ಲಿ ಕೆಲವು ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲ. ಪಾಲಿಮರಿಗೆ ಜೇಡಿಮಣ್ಣು ಬೆರೆಸಿದಾಗ ಕೊಳೆಯುವ ವೇಗ ಕೆಲವು ಪ್ರಯೋಗಗಳಲ್ಲಿ ಜಾಸ್ತಿಯಾಗಿದೆ, ಕೆಲವದರಲ್ಲಿ ಕಮ್ಮಿಯಾಗಿದೆ. ಯಾವ ಮಣ್ಣು, ಯಾವ ಲವಣ ಅನ್ನುವುದರ ಮೇಲೆ ಅದು ನಿಂತಿದೆ.

ಇದಕ್ಕಿಂತ ದೊಡ್ಡ ತೊಡಕು ಶಾಖ. ಚೀಲದ ಮೇಲೆ ಕಾಣುವ ಐಎಸ್ 17088 (ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ಭಾರತೀಯ ಮಾನದಂಡ) ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿಯಲ್ಲಿ. ಅಲ್ಲಿ 180 ದಿನದೊಳಗೆ ನೂರಕ್ಕೆ 90 ಪಾಲು ಇಂಗಾಲ ಅನಿಲವಾಗಬೇಕು. ನಿಮ್ಮ ಟೆರೇಸ್ ಮೇಲಿನ ಗೊಬ್ಬರದ ಮಡಕೆ ಅಷ್ಟು ಬಿಸಿಯನ್ನು ವಾರಗಟ್ಟಲೆ ಹಿಡಿದಿಡುವುದಿಲ್ಲ. ಮನೆ ಗೊಬ್ಬರಕ್ಕೆ ಅಂತಲೇ ಬೇರೆ ಪರೀಕ್ಷೆಗಳಿವೆ, ಸಾಮಾನ್ಯ ಕೋಣೆಯ ತಾಪಮಾನದಲ್ಲಿ ನಡೆಯುವಂಥವು. ಚೀಲದ ಮೇಲೆ ಆ ಮಾತು ಅಚ್ಚಾಗಿಲ್ಲದಿದ್ದರೆ ಮಡಕೆಗೆ ಹಾಕಬೇಡಿ. ಒಣ ಕಸಕ್ಕೂ ಬೇಡ, ಮರುಬಳಕೆಯ ಪ್ಲಾಸ್ಟಿಕ್ ಜೊತೆ ಬೆರೆತರೆ ಅದೂ ಕೆಡುತ್ತದೆ. ಹಸಿ ಕಸದ ಜೊತೆ ಕೊಡಬಹುದಾ ಅಂತ ನಿಮ್ಮ ಬೀದಿಯ ಕಸದ ಆಟೋದವರನ್ನು ಒಮ್ಮೆ ಕೇಳಿ. ಈರುಳ್ಳಿಗೆ ಬಟ್ಟೆ ಚೀಲ ಒಯ್ಯಿರಿ.