ವೈರಸ್ಸಿಗೆ ಮೊದಲ ದಿನ, ರಜೆಗೆ ನಾಲ್ಕನೇ ದಿನ

ಹರಡುವ ಕಾಯಿಲೆ ಬಂದರೆ ಯಾವಾಗ, ಎಷ್ಟು ದಿನ ಮನೆಯಲ್ಲಿರಬೇಕು? 2020ರ ಮಾರ್ಚ್ ತಿಂಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೈಮೇಲೇ ಇರುತ್ತಿತ್ತು. ವಿದೇಶದಿಂದ ಬಂದು ಬೆಂಗಳೂರು ಏರ್‌ಪೋರ್ಟಿನಲ್ಲಿ ಇಳಿದವರ ಕೈಗೆ ಸೀಲು ಒತ್ತಿ, ಇಂಥ ತಾರೀಖಿನವರೆಗೆ ಮನೆ ಬಿಟ್ಟು ಹೊರಗೆ ಬರುವಂತಿಲ್ಲ ಎಂದು ಬರೆದು ಕಳಿಸುತ್ತಿದ್ದರು. 14 ದಿನ. ಸೋಂಕು ಖಚಿತವಾಗಿ ಮನೆಯಲ್ಲೇ ಆರೈಕೆ ಪಡೆಯುವವರಿಗೆ ಬೇರೆ ಲೆಕ್ಕ. ಕೇಂದ್ರ ಸರ್ಕಾರ ಅದನ್ನು 2020ರ ಮೇನಲ್ಲಿ 17 ದಿನ ಎಂದಿತು, ಜುಲೈನಲ್ಲಿ 10 ಎಂದಿತು, 2022ರ ಜನವರಿಯಲ್ಲಿ 7ಕ್ಕೆ ಇಳಿಸಿತು.

ಆಮೇಲೆ ಸೀಲೂ ಹೋಯಿತು, ಲೆಕ್ಕವೂ ಹೋಯಿತು. ಈಗ ಬೆಳಿಗ್ಗೆ ಎದ್ದಾಗ ಗಂಟಲು ಕೆರೆದರೆ, ಮೈ ಸ್ವಲ್ಪ ಬಿಸಿ ಅನ್ನಿಸಿದರೆ, ಹೋಗುವುದೋ ಬಿಡುವುದೋ ಎಂದು ನಾವೇ ತೀರ್ಮಾನಿಸಬೇಕು. ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೇವೆ? ಒಂದು ಡೋಲೋ ನುಂಗಿ ಬಸ್ ಹತ್ತುತ್ತೇವೆ. ಎರಡು ದಿನ ಹಾಗೇ ತಳ್ಳಿ, ಮೂರನೇ ದಿನ ಇನ್ನು ಆಗುವುದೇ ಇಲ್ಲ ಅನ್ನಿಸಿದಾಗ ರಜೆ ಹಾಕುತ್ತೇವೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಯಾಕೆ ಅಂತ ಹೇಳುವ ಮೊದಲು ಇಂಗ್ಲೆಂಡಿಗೆ ಹೋಗಿ ಬರಬೇಕು. ನಿಯಮ ತೆಗೆದ ಮೇಲೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೂತು ಲೆಕ್ಕ ಹಾಕಿದವರು ಅಲ್ಲಿದ್ದಾರೆ.

2022ರ ಫೆಬ್ರವರಿ 24ರಂದು ಇಂಗ್ಲೆಂಡಿನಲ್ಲಿ ಸೋಂಕಿತರು ಮನೆಯಲ್ಲೇ ಇರಬೇಕೆಂಬ ಕಾನೂನು ರದ್ದಾಯಿತು. ಅಲ್ಲಿಯವರೆಗೆ ಕೋವಿಡ್ ಪಾಸಿಟಿವ್ ಬಂದವರು ಮನೆ ಬಿಟ್ಟರೆ ದಂಡ. ಅಂದಿನಿಂದ ಬರೀ ಸಲಹೆ: ಆದಷ್ಟು ಮನೆಯಲ್ಲಿರಿ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಅದಕ್ಕೂ ಮೊದಲಿನಿಂದ ಪಾಸಿಟಿವ್ ಬಂದವರನ್ನು ಮಾತಾಡಿಸಿ, ನೀವು ಪೂರ್ತಿ ಅವಧಿ ಮನೆಯಲ್ಲಿದ್ದಿರಾ ಎಂದು ಕೇಳುತ್ತಿತ್ತು. ಫೆಬ್ರವರಿ ಮೊದಲ ಭಾಗದಲ್ಲಿ, ಅಂದರೆ ಕಾನೂನು ಇದ್ದಾಗ, ನೂರಕ್ಕೆ 80 ಜನ ಹೌದು ಎಂದರು. ಮಾರ್ಚ್ ಆರಂಭಕ್ಕೆ ಅದು 64 ಆಯಿತು. ಮಾರ್ಚ್ ಕೊನೆಯ ಹೊತ್ತಿಗೆ 53.

ಅಲ್ಲಿನ ಪತ್ರಿಕೆಗಳು ಈ ಇಳಿಕೆಯ ಬಗ್ಗೆಯೇ ಬರೆದವು. ನನಗೆ ಕುತೂಹಲ ಉಳಿದ 53ರ ಮೇಲೆ. ದಂಡವಿಲ್ಲ, ಪೊಲೀಸರಿಲ್ಲ, ಫೋನ್ ಮಾಡಿ ವಿಚಾರಿಸುವವರೂ ಇಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ಜನ ಬಾಗಿಲು ಹಾಕಿಕೊಂಡು ಕೂತರು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. ಲಕ್ಷಣ ಕಂಡರೆ ಮನೆಯಲ್ಲಿರಿ ಎಂದು ಸರ್ಕಾರ ಹೇಳುತ್ತಿದ್ದ ಕಾಲದಲ್ಲೇ, 2020ರಿಂದ 2021ರ ಆರಂಭದವರೆಗೆ, ಬ್ರಿಟನ್ನಿನಲ್ಲಿ ಇನ್ನೊಂದು ದೊಡ್ಡ ಸಮೀಕ್ಷೆ ನಡೆಯಿತು. ಅದರಲ್ಲಿ ಮಾತಾಡಿಸಿದ್ದು ಪಾಸಿಟಿವ್ ಬಂದವರನ್ನಲ್ಲ. ಜ್ವರ, ಕೆಮ್ಮಿನಂಥ ಲಕ್ಷಣ ಕಾಣಿಸಿಕೊಂಡವರನ್ನು. ಅವರಲ್ಲಿ ಪೂರ್ತಿ ಮನೆಯಲ್ಲಿದ್ದವರು ನೂರಕ್ಕೆ ಸುಮಾರು 43 ಮಾತ್ರ. ಎರಡೂ ಸಮೀಕ್ಷೆಗಳ ರೀತಿ ಬೇರೆ, ನೇರವಾಗಿ ಹೋಲಿಸುವಂತಿಲ್ಲ. ಆದರೂ ಒಂದು ವಿಷಯ ಕಾಣುತ್ತದೆ. ಟೆಸ್ಟ್ ಕಿಟ್ಟಿನ ಮೇಲೆ ಪಾಸಿಟಿವ್ ಎನ್ನುವ ಎರಡು ಗೆರೆ ನೋಡಿದವನು ಕಾನೂನು ಇಲ್ಲದಿದ್ದರೂ ಮನೆಯಲ್ಲಿರಬಹುದು. ಬರೀ ಕೆಮ್ಮು ಇರುವವನು ಸರ್ಕಾರ ಬೇಡವೆಂದರೂ ಹೊರಗೆ ಹೋಗಬಹುದು. 'ನನಗಿದೆ' ಎಂಬ ಖಾತ್ರಿ ದಂಡಕ್ಕಿಂತ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ತೊಂದರೆ ಏನೆಂದರೆ, ಆ ಖಾತ್ರಿ ಸಿಗುವುದು ತಡವಾಗಿ. ವೈರಸ್ ಅಷ್ಟು ಹೊತ್ತು ಕಾಯುವುದಿಲ್ಲ.

ಹಾಗಾದರೆ ವೈರಸ್ಸಿನ ವೇಳಾಪಟ್ಟಿ ಏನು? ಇದನ್ನು ನೇರವಾಗಿ ನೋಡಲು 2021ರಲ್ಲಿ ಲಂಡನ್ನಿನಲ್ಲಿ ಒಂದು ಎದೆಗಾರಿಕೆಯ ಪ್ರಯೋಗ ನಡೆಯಿತು. 18ರಿಂದ 30 ವರ್ಷದ, ಲಸಿಕೆ ಹಾಕಿಸಿಕೊಳ್ಳದ, ಆರೋಗ್ಯವಂತ 36 ಸ್ವಯಂಸೇವಕರ ಮೂಗಿಗೆ ಕೋವಿಡ್ ವೈರಸ್ಸನ್ನು ಬೇಕೆಂದೇ ಹಾಕಿದರು. 18 ಜನರಿಗೆ ಸೋಂಕು ತಗುಲಿತು. ಅವರನ್ನು ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಯಲ್ಲಿಟ್ಟು, ದಿನಾ ಮೂಗು, ಗಂಟಲಿನಿಂದ ಮಾದರಿ ತೆಗೆದರು. ವೈರಸ್ ಹಾಕಿದ ಸುಮಾರು 40 ಗಂಟೆಗೇ ಗಂಟಲಿನಲ್ಲಿ ಅದು ಸಿಕ್ಕಿತು. ಮೂಗಿನಲ್ಲಿ ಕಂಡಿದ್ದು ಅದಾದ ಮೇಲೆ, ಆದರೆ ಪ್ರಮಾಣ ಗಂಟಲಿಗಿಂತ ಎಷ್ಟೋ ಜಾಸ್ತಿ. ಐದನೇ ದಿನದ ಹೊತ್ತಿಗೆ ತುದಿ ಮುಟ್ಟಿತು. ಲಕ್ಷಣಗಳು ಶುರುವಾಗಿದ್ದು ಎರಡರಿಂದ ನಾಲ್ಕನೇ ದಿನದಲ್ಲಿ. ಎಂದರೆ ಗಂಟಲು ಕೆರೆಯಲು ಶುರುವಾದ ಒಂದರಿಂದ ಮೂರು ದಿನಗಳಲ್ಲೇ, ನಾವು ಡೋಲೋ ನುಂಗಿ ಓಡಾಡುವ ಅದೇ ದಿನಗಳಲ್ಲೇ, ಮೂಗಿನಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ.

ಅದೇ ಸ್ವಯಂಸೇವಕರ ಕೋಣೆಯ ಗಾಳಿಯನ್ನೂ, ಅವರು ಹಾಕಿಕೊಂಡ ಮಾಸ್ಕನ್ನೂ ಪರೀಕ್ಷಿಸಿದರು. ಇಲ್ಲಿ ಸಿಕ್ಕಿದ್ದು ನನ್ನ ಮಟ್ಟಿಗೆ ಇಡೀ ಕೋವಿಡ್ ಕಾಲದ ಅತಿ ವಿಚಿತ್ರ ಅಂಕಿಗಳಲ್ಲಿ ಒಂದು. ಗಾಳಿಗೆ ಸೇರಿದ ಒಟ್ಟು ವೈರಸ್ಸಿನಲ್ಲಿ ನೂರಕ್ಕೆ 86 ಪಾಲು ಬಂದಿದ್ದು ಬರೀ ಇಬ್ಬರಿಂದ. ಉಳಿದ 16 ಜನರದ್ದು ಸೇರಿ 14 ಪಾಲು. ಆ ಇಬ್ಬರೇನು ಹಾಸಿಗೆ ಹಿಡಿದಿದ್ದರಾ? ಇಲ್ಲ. ಅತಿ ಹೆಚ್ಚು ಲಕ್ಷಣ ಹೇಳಿಕೊಂಡವರೇ ಬೇರೆ, ಅತಿ ಹೆಚ್ಚು ವೈರಸ್ ಬಿಟ್ಟವರೇ ಬೇರೆ. 'ನನಗೆ ಅಷ್ಟೇನೂ ಜೋರಿಲ್ಲ, ಬರೀ ಶೀತ' ಎನ್ನುವ ಮಾತಿನಿಂದ ನಿಮಗೆಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಪಕ್ಕದ ಸೀಟಿನವರಿಗೆ ಎಷ್ಟು ಅಪಾಯ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಾದ ಆಗಾಗ ಕೇಳಿಸುತ್ತದೆ: ಲಕ್ಷಣ ಬರುವ ಮೊದಲೇ ಹರಡಿ ಆಗಿರುತ್ತದಂತೆ, ಇನ್ನು ಮನೆಯಲ್ಲಿ ಕೂತು ಏನು ಪ್ರಯೋಜನ? ಈ ಪ್ರಯೋಗದಲ್ಲಿ ಮೊದಲ ಲಕ್ಷಣಕ್ಕಿಂತ ಮುಂಚೆ ಗಾಳಿಗೆ ಬಂದ ವೈರಸ್ ಒಟ್ಟು ಲೆಕ್ಕದಲ್ಲಿ ನೂರಕ್ಕೆ 7 ಪಾಲು. ಹದಿನೆಂಟೇ ಜನ, ಎಲ್ಲರೂ ಎಳೆಯರು, ಹಳೇ ತಳಿ. ಅದನ್ನು ಮರೆಯಬಾರದು. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸಹಜವಾಗಿ ಸೋಂಕು ತಗುಲಿದವರನ್ನು ಮನೆಗಳಲ್ಲೇ ಹಿಂಬಾಲಿಸಿ ಮಾಡಿದ ಅಧ್ಯಯನವೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿದೆ. ಲಕ್ಷಣಕ್ಕೆ ಮೊದಲೇ ಹರಡುವ ಸ್ಥಿತಿಯಲ್ಲಿದ್ದವರು ಐದರಲ್ಲಿ ಒಬ್ಬರು. ಲಕ್ಷಣ ಶುರುವಾಗಿ ಐದು ದಿನ ಕಳೆದ ಮೇಲೂ ಮೂವರಲ್ಲಿ ಇಬ್ಬರು ಹರಡಬಲ್ಲವರಾಗಿದ್ದರು. ಏಳು ದಿನಕ್ಕೆ ನಾಲ್ವರಲ್ಲಿ ಒಬ್ಬರು. ಗಂಟಲ ಕೆರೆತ ಒಳ್ಳೆಯ ಎಚ್ಚರಿಕೆಯೇ. ಅದನ್ನು ನಂಬಿದರೆ ಹೆಚ್ಚಿನ ಭಾಗವನ್ನು ತಡೆಯಬಹುದು.

ಎಲ್ಲ ರೋಗದಲ್ಲೂ ಹೀಗೇ ಅಂತ ಇಲ್ಲ. 2003ರ ಸಾರ್ಸ್ ಕೋವಿಡ್‌ನ ದಾಯಾದಿಯೇ. ಆದರೆ ಅದರಲ್ಲಿ ವೈರಸ್ ತುದಿ ಮುಟ್ಟುತ್ತಿದ್ದುದು ಲಕ್ಷಣ ಶುರುವಾಗಿ ಎರಡನೇ ವಾರಕ್ಕೆ ಕಾಲಿಡುವಾಗ. ಅಷ್ಟು ಹೊತ್ತಿಗೆ ರೋಗಿ ಆಸ್ಪತ್ರೆ ಸೇರಿರುತ್ತಿದ್ದ. ರೋಗಿಗಳನ್ನು ಬೇರೆ ಇಟ್ಟೇ ಆ ಪಿಡುಗನ್ನು ಕೆಲವು ತಿಂಗಳಲ್ಲಿ ನಿಲ್ಲಿಸಲು ಸಾಧ್ಯವಾಯಿತು. ದಡಾರ ಇದಕ್ಕೆ ತದ್ವಿರುದ್ಧ. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಅದು ಹರಡುತ್ತದೆ. ಅಲ್ಲಿ ಮನೆಯಲ್ಲಿರುವುದರಿಂದ ಆಗುವ ಲಾಭ ಕಮ್ಮಿ, ಲಸಿಕೆಯೇ ಗತಿ. ಫ್ಲೂ ಜ್ವರ ಬಂದವರು ಲಕ್ಷಣಕ್ಕೆ ಒಂದು ದಿನ ಮೊದಲಿನಿಂದ, ಲಕ್ಷಣ ಶುರುವಾಗಿ ಐದರಿಂದ ಏಳು ದಿನದವರೆಗೆ ಹರಡುತ್ತಾರೆ. ಜಾಸ್ತಿ ಹರಡುವುದು ಮೊದಲ ಮೂರ್ನಾಲ್ಕು ದಿನಗಳಲ್ಲಿ. ಮಕ್ಕಳಾದರೆ ಇನ್ನೂ ಕೆಲವು ದಿನ.

ಸರ್ಕಾರ ಹೇಳಿದರೆ ಮಾತ್ರ ಮನೆಯಲ್ಲಿರುವ ಜನ ನಾವಲ್ಲ. ಸೀತಾಳೆ ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದನ್ನು ನೋಡಿದ ನೆಂಟರು ಹೊಸ್ತಿಲು ದಾಟುವುದಿಲ್ಲ. ಗುಳ್ಳೆ ಒಣಗಿ, ಬೇವಿನ ನೀರು ಹಾಕುವವರೆಗೆ ಮಗು ಶಾಲೆಗೆ ಹೋಗುವುದಿಲ್ಲ. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವವರೆಗೆ ರೋಗ ಹರಡುತ್ತದೆ ಎಂದೇ ವೈದ್ಯರೂ ಹೇಳುವುದು. ಕಾರಣ ಬೇರೆ ಕೊಟ್ಟರೂ ದಿನದ ಲೆಕ್ಕ ಸರಿ ಇದೆ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹಬ್ಬಿದಾಗಲೂ ಅಷ್ಟೇ. ಕೆಂಪು ಕಣ್ಣು ಬಿಟ್ಟುಕೊಂಡು ಆಫೀಸಿಗೆ ಹೋದವನನ್ನು ಎಲ್ಲರೂ ಸೇರಿ ವಾಪಸ್ ಕಳಿಸುತ್ತಿದ್ದರು. ಕಣ್ಣಿಗೆ ಕಾಣುವ ರೋಗವಾದರೆ ನಮ್ಮ ಸಮಾಜಕ್ಕೆ ನಿಯಮವೇ ಬೇಕಾಗಿಲ್ಲ. ಕೆಮ್ಮಿಗೆ ಆ ಮರ್ಯಾದೆ ಇಲ್ಲ. ಕೆಮ್ಮುತ್ತಲೇ ಬಂದು ಕೆಲಸ ಮಾಡಿದವನಿಗೆ 'ಪಾಪ, ಎಷ್ಟು ನಿಷ್ಠೆ' ಎಂಬ ಹೊಗಳಿಕೆ ಸಿಗುತ್ತದೆ. ಶಾಲೆಗಳಲ್ಲಂತೂ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಬೇರೆ! ವರ್ಷವಿಡೀ ಒಂದು ದಿನವೂ ತಪ್ಪಿಸದ ಮಗು ಎಷ್ಟು ಸಲ ಜ್ವರ ಹೊತ್ತು ಬಂದು ಕೂತಿತ್ತೋ ಯಾರು ಕೇಳುತ್ತಾರೆ? 2025ರ ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಜ್ವರ ಕೆಮ್ಮು ಶೀತ ಇರುವ ಮಕ್ಕಳನ್ನು ಕಳಿಸಬೇಡಿ ಎಂದು ನಮ್ಮ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಆ ಬಹುಮಾನವನ್ನೂ ಜೊತೆಗೇ ನಿಲ್ಲಿಸಬಹುದಿತ್ತು.

ದೊಡ್ಡವರ ವಿಷಯಕ್ಕೆ ಬಂದರೆ ದುಡ್ಡಿನ ಮಾತು ಆಡದೆ ವಿಧಿಯಿಲ್ಲ. ಇಂಗ್ಲೆಂಡಿನ ಆ 80, 53ಕ್ಕೆ ಇಳಿದಿದ್ದು ಕಾನೂನು ಹೋಗಿದ್ದಕ್ಕೆ ಮಾತ್ರ ಎಂದು ನನಗನ್ನಿಸುವುದಿಲ್ಲ. ಕಡಿಮೆ ಆದಾಯದವರು ಮನೆಯಲ್ಲಿದ್ದರೆ 500 ಪೌಂಡ್ ಕೊಡುವ ಯೋಜನೆ ಇತ್ತು. ಅದೂ ಅದೇ ಫೆಬ್ರವರಿ 24ಕ್ಕೆ ಮುಗಿಯಿತು. ಕೋವಿಡ್ ಕಾಲದಲ್ಲಿ ಅಲ್ಲಿನ ಕಾನೂನುಬದ್ಧ ಸಿಕ್ ಪೇ, ಅಂದರೆ ಕಾಯಿಲೆ ದಿನಗಳ ಹಣ, ಮೊದಲ ದಿನದಿಂದಲೇ ಸಿಗುತ್ತಿತ್ತು. ಮಾರ್ಚ್ ಕೊನೆಗೆ ಹಳೇ ಪದ್ಧತಿ ವಾಪಸ್ ಬಂತು: ಆಗ ಮೊದಲ ಮೂರು ದಿನಕ್ಕೆ ಏನೂ ಸಿಗುತ್ತಿರಲಿಲ್ಲ, ನಾಲ್ಕನೇ ದಿನದಿಂದ ಹಣ.

ಮೊದಲ ಮೂರು ದಿನ! ಮೂಗಿನಲ್ಲಿ ವೈರಸ್ ತುದಿಗೇರುವ ಅದೇ ದಿನಗಳು. ಸುಳ್ಳು ನೆಪ ಹೇಳಿ ರಜೆ ಹಾಕುವವರನ್ನು ತಡೆಯಲು ಮಾಡಿದ ಏರ್ಪಾಡು ಇದು. ಉದ್ದೇಶ ಏನೇ ಇರಲಿ, ಹರಡುವ ದಿನಗಳಲ್ಲಿ ಕೆಲಸಕ್ಕೆ ಬಾ, ಹರಡುವುದು ಕಮ್ಮಿಯಾದ ಮೇಲೆ ಮನೆಯಲ್ಲಿರು ಎಂದು ಹೇಳಿದ ಹಾಗಾಯಿತು.

ಇಂಗ್ಲೆಂಡನ್ನು ಆಡಿಕೊಳ್ಳುವ ಮೊದಲು ನಮ್ಮದನ್ನೂ ನೋಡೋಣ. 1948ರ ಕಾಯ್ದೆಯಿಂದ ಶುರುವಾದ ಇಎಸ್‌ಐ ವಿಮೆಯಲ್ಲಿ ಕಾರ್ಮಿಕರಿಗೆ ಕಾಯಿಲೆ ಭತ್ಯೆ ಇದೆ. ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಒಳ್ಳೆಯ ಸೌಲಭ್ಯವೇ. ಆದರೆ ಅಲ್ಲೂ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಭತ್ಯೆ ಇಲ್ಲ. ಮೇಲಾಗಿ ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ಡಿಸ್ಪೆನ್ಸರಿಯಲ್ಲಿ ಗಂಟೆಗಟ್ಟಲೆ ಸರದಿಯಲ್ಲಿ ಕೂರಬೇಕು. ಅಕ್ಕಪಕ್ಕ ಬಸುರಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು. ಮನೆಯಲ್ಲಿರಬೇಕು ಎಂದು ಸಾಬೀತು ಮಾಡಲು ಮನೆಯಿಂದ ಹೊರಗೆ ಬರಬೇಕು. ಹಲವು ಗಾರ್ಮೆಂಟ್ಸ್‌ಗಳಲ್ಲಿ ಅಟೆಂಡೆನ್ಸ್ ಬೋನಸ್ ಬೇರೆ ಇರುತ್ತದೆ, ರಜೆ ಹಾಕಿದರೆ ಅದಕ್ಕೆ ಕತ್ತರಿ. ಅಂಗಡಿ, ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಕರ್ನಾಟಕದ ಕಾಯ್ದೆ ವರ್ಷಕ್ಕೆ 12 ದಿನ ಸಂಬಳ ಸಹಿತ ಸಿಕ್ ಲೀವ್ ಕೊಡುತ್ತದೆ. ಮನೆಗೆಲಸದವರಿಗೆ, ಗಾರೆ ಕೆಲಸದವರಿಗೆ, ಊಟದ ಡಬ್ಬಿ ಹೊತ್ತು ಬೈಕಿನಲ್ಲಿ ಬರುವ ಹುಡುಗರಿಗೆ ಅದೂ ಇಲ್ಲ.

ರಜೆ ಕೊಟ್ಟರೆ ಜನ ನಿಜಕ್ಕೂ ಮನೆಯಲ್ಲಿರುತ್ತಾರಾ? ಅಮೆರಿಕದಲ್ಲಿ 2020ರಲ್ಲಿ ಕೇಂದ್ರ ಸರ್ಕಾರ ತುರ್ತಾಗಿ ಸಂಬಳ ಸಹಿತ ಸಿಕ್ ಲೀವ್ ಜಾರಿ ಮಾಡಿತು. ಆ ರಜೆ ಹೊಸದಾಗಿ ಸಿಕ್ಕ ರಾಜ್ಯಗಳಲ್ಲಿ, ಒಂದೊಂದು ರಾಜ್ಯಕ್ಕೆ ದಿನಕ್ಕೆ ಸುಮಾರು 400 ಕೋವಿಡ್ ಪ್ರಕರಣಗಳು ಕಡಿಮೆಯಾದವು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ನಮ್ಮಲ್ಲೂ 2023ರ ಡಿಸೆಂಬರಿನಲ್ಲಿ ಜೆಎನ್.1 ತಳಿ ಬಂದಾಗ, ಸೋಂಕಿತರು 7 ದಿನ ಮನೆಯಲ್ಲಿರಬೇಕು, ಕೆಲಸ ಕೊಟ್ಟವರು ರಜೆ ಕೊಡಬೇಕು ಎಂದು ರಾಜ್ಯ ಸರ್ಕಾರ ಹೇಳಿತ್ತು. ಸರಿಯಾದ ಮಾತು. ಆದರೆ ಅದು ಕೋವಿಡ್ ಎಂದು ಗೊತ್ತಾದವರಿಗೆ. ಟೆಸ್ಟೇ ಮಾಡಿಸದ ಕಾಲದಲ್ಲಿ ಎಷ್ಟು ಜನರಿಗೆ ಗೊತ್ತಾಗುತ್ತದೆ?

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಮಾರ್ಚ್ 1ರಂದು ಐದು ದಿನದ ನಿಯಮ ಬಿಟ್ಟು, ಕೋವಿಡ್, ಫ್ಲೂ ಎಲ್ಲಕ್ಕೂ ಸೇರಿ ಒಂದೇ ಸಲಹೆ ಕೊಟ್ಟಿತು. ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿರಬೇಕು, ಒಟ್ಟಾರೆ ಗುಣ ಕಾಣುತ್ತಿರಬೇಕು. ಆಮೇಲೆ ಹೊರಗೆ ಬನ್ನಿ, ಆದರೆ ಮುಂದಿನ ಐದು ದಿನ ಮಾಸ್ಕ್, ಗಾಳಿ, ಅಂತರದ ಬಗ್ಗೆ ಜೋಪಾನ. ಇದರಲ್ಲಿ 'ಮಾತ್ರೆ ಇಲ್ಲದೆ' ಎಂಬುದು ಮುಖ್ಯ. ಪ್ಯಾರಾಸಿಟಮಾಲ್ ಇಳಿಸುವುದು ಮೈಯ ಬಿಸಿಯನ್ನು, ವೈರಸ್ಸನ್ನಲ್ಲ. ನನ್ನ ದೂರು ಒಂದೇ. ಈ ಸಲಹೆ ಜ್ವರಕ್ಕೆ ಅತಿಯಾಗಿ ಜೋತುಬಿದ್ದಿದೆ. ಲಂಡನ್ನಿನ ಆ ಸ್ವಯಂಸೇವಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಜ್ವರವೇ ಬಂದಿರಲಿಲ್ಲ.

ಆದ್ದರಿಂದ ರಜೆ ಉಳಿದಿದ್ದರೆ ಅದನ್ನು ಮುಂದಕ್ಕೆ ಎಳೆಯಬೇಡಿ, ಗಂಟಲು ಕೆರೆದ ಮೊದಲ ಬೆಳಿಗ್ಗೆಯೇ ಬಳಸಿ. ಎರಡೇ ದಿನ ಸಿಗುವುದಾದರೆ ಅದು ಮೊದಲ ಎರಡು ದಿನ ಆಗಲಿ. ಸುಮ್ನೆ ಅಲರ್ಜಿ ಆಗಿದ್ದರೆ ಒಂದು ರಜೆ ವ್ಯರ್ಥವಾಗಬಹುದು, ಆಗಲಿ. ಮನೆಯಲ್ಲಿ ಕಿಟ್ ಇದ್ದರೆ ಟೆಸ್ಟ್ ಮಾಡಿ. ಮೊದಲ ದಿನದ ನೆಗೆಟಿವ್ ನಂಬಿ ಮದುವೆಗೆ ಹೊರಡಬೇಡಿ, ಮಾರನೇ ದಿನ ಇನ್ನೊಮ್ಮೆ ನೋಡಿ. ಎರಡನೇ ಗೆರೆ ಕಾಣುವಷ್ಟು ದಿನ ನೀವು ಹರಡುತ್ತಿದ್ದೀರಿ ಎಂದೇ ಇಟ್ಟುಕೊಳ್ಳಿ.

ರಜೆ ಇಲ್ಲದವರಿಗೆ, ಹೋಗಲೇಬೇಕಾದವರಿಗೆ ಉಳಿದಿರುವುದು ಗಾಳಿ ಮತ್ತು ಮಾಸ್ಕ್. ಎನ್95 ಮಾಸ್ಕ್ ಮೂಗಿಗೆ ಅಂಟುವ ಹಾಗೆ ಹಾಕಿ. ಬಸ್ಸಿನಲ್ಲಿ ಕಿಟಕಿ ತೆರೆದಿರಲಿ. ಮಧ್ಯಾಹ್ನದ ಊಟಕ್ಕೆ ಮಾತ್ರ ಎಲ್ಲರ ಜೊತೆ ಕೂರಬೇಡಿ, ಮಾಸ್ಕ್ ತೆಗೆದು ಎದುರುಬದುರು ಕೂತು ಮಾತಾಡುವ ಹೊತ್ತು ಅದೊಂದೇ. ಡಬ್ಬಿ ಹಿಡಿದು ಟೆರೇಸಿಗೆ ಹೋಗಿ. ಯಾರಾದರೂ ಯಾಕೆ ಅಂತ ಕೇಳಿದರೆ, ಶೀತ ಆಗಿದೆ ಅನ್ನಿ, ಸಾಕು.