ವೆಸ್ಟರ್ಲಿ ವಿಂಡ್ ಅಂದ್ರೆ ಪಶ್ಚಿಮಕ್ಕೆ ಹೋಗುವ ಗಾಳಿಯೋ, ಪಶ್ಚಿಮದಿಂದ ಬರುವ ಗಾಳಿಯೋ?

ಓದುಗರ ಪ್ರಶ್ನೆ: ಇಂಗ್ಲಿಷ್ ಹವಾಮಾನ ವರದಿಗಳಲ್ಲಿ ‘ವೆಸ್ಟರ್ಲಿ ವಿಂಡ್’ ಅಂತ ಓದುತ್ತೇನೆ. ಗಾಳಿ ಪಶ್ಚಿಮದ ಕಡೆಗೆ ಬೀಸುತ್ತಿದೆ ಅಂತಲೋ, ಪಶ್ಚಿಮದ ಕಡೆಯಿಂದ ಬೀಸುತ್ತಿದೆ ಅಂತಲೋ? ನಿಘಂಟು ನೋಡಿದರೆ ಎರಡೂ ಅರ್ಥ ಕೊಟ್ಟಿದೆ. ಯಾವುದನ್ನು ಹಿಡಿಯಬೇಕು?

ಉತ್ತರ: ಪಶ್ಚಿಮದಿಂದ ಬರುವ ಗಾಳಿ. ಮಾತು ಗಾಳಿಯದ್ದಾದರೆ ಇದರಲ್ಲಿ ಅನುಮಾನವೇ ಬೇಡ. ‘ಈಸ್ಟರ್ಲಿ’ ಅಂದರೆ ಪೂರ್ವದಿಂದ ಬರುವುದು, ‘ನಾರ್ದರ್ಲಿ’ ಅಂದರೆ ಉತ್ತರದಿಂದ ಬರುವುದು. ವೆಸ್ಟರ್ಲಿ ಗಾಳಿಗೆ ಎದುರಾಗಿ ನಿಂತರೆ ನಿಮ್ಮ ಮುಖ ಪಶ್ಚಿಮಕ್ಕಿರುತ್ತದೆ, ಗಾಳಿ ನಿಮ್ಮನ್ನು ದಾಟಿ ಪೂರ್ವಕ್ಕೆ ಹೋಗುತ್ತದೆ.

ಹಾಗಂತ ನಿಘಂಟು ತಪ್ಪು ಹೇಳುತ್ತಿಲ್ಲ. ಈ ಪದದ ಅರ್ಥ ತಿರುಗುವುದು ಅದರ ಪಕ್ಕದಲ್ಲಿರುವ ಪದದಿಂದ. ‘ಹಡಗು ವೆಸ್ಟರ್ಲಿ ಡೈರೆಕ್ಷನ್‌ನಲ್ಲಿ ಹೊರಟಿತು’ ಅಂದರೆ ಅದು ಪಶ್ಚಿಮಕ್ಕೇ ಹೊರಟಿದೆ. ‘ಯುರೋಪಿನ ಮುಖ್ಯ ಭೂಭಾಗದ ಮೋಸ್ಟ್ ವೆಸ್ಟರ್ಲಿ ಪಾಯಿಂಟ್ ಪೋರ್ಚುಗಲ್‌ನ ಕಾಬೊ ದ ರೋಕಾ’ ಅಂದರೆ ಅಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆ ಜಾಗ ಪಶ್ಚಿಮದ ತುದಿಯಲ್ಲಿದೆ, ಅಷ್ಟೇ. ಒಂದೇ ಪದ, ಮೂರು ಕೆಲಸ. ಗೊಂದಲ ಆಗುವುದು ಸಹಜ ಅಲ್ವಾ?

ಗಾಳಿಗೆ ಮಾತ್ರ ಯಾಕೆ ಬಂದ ದಿಕ್ಕಿನ ಹೆಸರು? ಗಾಳಿ ತಾನು ಹುಟ್ಟಿದ ಜಾಗದ ಗುಣವನ್ನು ಹೊತ್ತು ತರುತ್ತದೆ. ಸಮುದ್ರದ ಕಡೆಯಿಂದ ಬಂದರೆ ತೇವ, ಮರುಭೂಮಿಯಿಂದ ಬಂದರೆ ಒಣ ಬಿಸಿ, ಹಿಮದ ನಾಡಿನಿಂದ ಬಂದರೆ ಕೊರೆಯುವ ಚಳಿ. ಮಳೆ ಬರುತ್ತಾ, ಚಳಿ ಜಾಸ್ತಿ ಆಗುತ್ತಾ ಎಂದು ನೋಡುವವರಿಗೆ ಅದು ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ನಮ್ಮನ್ನು ದಾಟಿದ ಮೇಲೆ ಎಲ್ಲಿಗೆ ಹೋದರೇನು? ಕನ್ನಡದಲ್ಲೂ ಇದೇ ಪದ್ಧತಿ ಇದೆ. ನೈಋತ್ಯ ಮಾರುತ ಅಂದಾಗ ನೈಋತ್ಯದಿಂದ ಬರುವ ಮಾರುತ ಅಂತಲೇ ನಮಗೆ ತಿಳಿಯುತ್ತದೆ. ಇಂಗ್ಲಿಷ್ ಪದ ಎದುರಾದಾಗ ಮಾತ್ರ ತಡವರಿಸುತ್ತೇವೆ.

ಹವಾಮಾನದ ಉಪಕರಣಗಳೂ ಇದೇ ಲೆಕ್ಕ ಹಿಡಿಯುತ್ತವೆ. ಕಟ್ಟಡದ ತುದಿಯಲ್ಲಿ ತಿರುಗುವ ಬಾಣದ ಮೊನೆ ತೋರಿಸುವುದು ಗಾಳಿ ಬರುವ ಕಡೆಯನ್ನು. ವರದಿಯಲ್ಲಿ ಗಾಳಿಯ ದಿಕ್ಕನ್ನು ಡಿಗ್ರಿಯಲ್ಲಿ ಕೊಟ್ಟಿದ್ದರೆ, ಉತ್ತರದಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಎಣಿಸಿ. 90 ಅಂದರೆ ಪೂರ್ವದಿಂದ, 180 ದಕ್ಷಿಣದಿಂದ, 270 ಪಶ್ಚಿಮದಿಂದ, 360 ಉತ್ತರದಿಂದ. ವಿಮಾನ ನಿಲ್ದಾಣದ ವಿಂಡ್‌ಸಾಕ್ ನೋಡುವಾಗ ಮಾತ್ರ ಸ್ವಲ್ಪ ಹುಷಾರು. ಆ ಬಟ್ಟೆಯ ಕೊಳವೆಯ ಅಗಲ ಬಾಯಿ ಗಾಳಿ ಬರುವ ಕಡೆಗಿರುತ್ತದೆ, ಬಾಲ ಗಾಳಿ ಹೋಗುವ ಕಡೆಗೆ ಹಾರುತ್ತದೆ. ಮೊಬೈಲಿನ ಕೆಲವು ಹವಾಮಾನ ಆಪ್‌ಗಳಲ್ಲಿ ಬಾಣದ ಗುರುತು ಗಾಳಿ ಹೋಗುವ ಕಡೆಗಿದ್ದು, ಪಕ್ಕದ ಅಕ್ಷರ ಬರುವ ಕಡೆಯನ್ನು ಹೇಳುತ್ತದೆ. ಅಕ್ಷರವನ್ನು ನಂಬಿ.

ಇನ್ನು ನೀರಿನ ವಿಷಯ. ನನಗೆ ಈ ಪ್ರಶ್ನೆ ಇಷ್ಟವಾಗಿದ್ದೇ ಇದಕ್ಕಾಗಿ. ಸಮುದ್ರದ ಪ್ರವಾಹಗಳಿಗೆ ದಿಕ್ಕು ಹೇಳುವುದು ತಿರುಗುಮುರುಗು, ಅಂದರೆ ಅವು ಎಲ್ಲಿಗೆ ಹರಿಯುತ್ತವೋ ಆ ದಿಕ್ಕು. ಇದಕ್ಕೂ ಕಾರಣ ಹುಡುಕುವುದು ಕಷ್ಟವಲ್ಲ. ಹಡಗು ನಡೆಸುವವರಿಗೆ ಬೇಕಾದದ್ದು ಪ್ರವಾಹ ತಮ್ಮನ್ನು ಯಾವ ಕಡೆಗೆ ತಳ್ಳಿಕೊಂಡು ಹೋಗುತ್ತದೆ ಅನ್ನುವುದು. ಹಾಗಾಗಿ ವೆಸ್ಟರ್ಲಿ ಗಾಳಿಯೂ ಈಸ್ಟರ್ಲಿ ಪ್ರವಾಹವೂ ಸಾಗುವುದು ಒಂದೇ ಕಡೆಗೆ!

ಅಂಟಾರ್ಕ್ಟಿಕಾವನ್ನು ಸುತ್ತುವರಿದು ಹರಿಯುವ ಮಹಾಪ್ರವಾಹವನ್ನೇ ನೋಡಿ. ಭೂಮಿಯ ಎಲ್ಲ ನದಿಗಳನ್ನೂ ಕೂಡಿಸಿದರೆ ಅದರ ಸುಮಾರು ನೂರರಲ್ಲೊಂದು ಪಾಲಿನಷ್ಟು ನೀರಾದೀತು, ಅಷ್ಟು ದೊಡ್ಡದು. ಅದು ಹರಿಯುವುದು ಪೂರ್ವಕ್ಕೆ. ಅದರ ಹಳೆಯ ಹೆಸರು ಮಾತ್ರ ವೆಸ್ಟ್ ವಿಂಡ್ ಡ್ರಿಫ್ಟ್! ನೀರು ಪೂರ್ವಕ್ಕೆ ಹೋಗುತ್ತಿದ್ದರೂ ಹೆಸರು ಅದನ್ನು ತಳ್ಳುವ ಪಡುವಣ ಗಾಳಿಯದ್ದು. ಎರಡೂ ಗೋಳಾರ್ಧಗಳಲ್ಲಿ ಸುಮಾರು 30ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ ಬೀಸುವ ಈ ಗಾಳಿಗಳಿಗೆ ‘ವೆಸ್ಟರ್ಲೀಸ್’ ಅಂತಲೇ ಹೆಸರು. ದಕ್ಷಿಣದಲ್ಲಿ ತಡೆಯುವ ನೆಲ ಕಡಿಮೆ, ಹಾಗಾಗಿ ಅಲ್ಲಿ ಅವು ಅಬ್ಬರಿಸುತ್ತವೆ. 1611ರಲ್ಲಿ ಡಚ್ ನಾವಿಕ ಹೆಂಡ್ರಿಕ್ ಬ್ರೌವರ್ ಆಫ್ರಿಕಾದ ದಕ್ಷಿಣ ತುದಿ ದಾಟಿದ ಮೇಲೆ ಇದೇ ಗಾಳಿ ಹಿಡಿದು ಪೂರ್ವಕ್ಕೆ ಸಾಗಿ, ಆಮೇಲೆ ಉತ್ತರಕ್ಕೆ ತಿರುಗಿ ಜಾವಾ ಸೇರಿದ. ಹಳೆಯ ದಾರಿಗಿಂತ ಎಷ್ಟೋ ಬೇಗ ತಲುಪಿದ. ‘ವೆಸ್ಟರ್ಲಿ’ಯನ್ನು ‘ಪಶ್ಚಿಮಕ್ಕೆ’ ಅಂತ ಓದಿಕೊಂಡರೆ ಈ ಪ್ರಯಾಣದ ಕಥೆಯೇ ಅರ್ಥವಾಗುವುದಿಲ್ಲ.

ಇದೇ ಬಳಗದ ಇನ್ನೆರಡು ಪದಗಳು ಇಷ್ಟು ಕಾಡುವುದಿಲ್ಲ. ‘ವೆಸ್ಟ್‌ವರ್ಡ್’ ಯಾವಾಗಲೂ ಪಶ್ಚಿಮದ ಕಡೆಗೆ. ‘ವೆಸ್ಟರ್ನ್’ ಪಶ್ಚಿಮ ಭಾಗಕ್ಕೆ ಸೇರಿದ್ದು.

ಕನ್ನಡಕ್ಕೆ ತರುವಾಗ ನಮಗೊಂದು ದೊಡ್ಡ ಅನುಕೂಲ ಇದೆ. ಇಂಗ್ಲಿಷಿನ ‘ಲಿ’ ಮುಚ್ಚಿಟ್ಟದ್ದನ್ನು ನಮ್ಮ ‘ಇಂದ’ ಮತ್ತು ‘ಕ್ಕೆ’ ಬಿಡಿಸಿ ಹೇಳುತ್ತವೆ. ಸುಮ್ನೆ ‘ಪಶ್ಚಿಮದ ಗಾಳಿ’, ‘ಪೂರ್ವದ ಪ್ರವಾಹ’ ಅಂತ ಬರೆದರೆ ಗೊಂದಲವನ್ನೂ ಜೊತೆಗೆ ಹೊತ್ತು ತಂದಂತೆ. ‘ಪಶ್ಚಿಮದಿಂದ ಬೀಸುವ ಗಾಳಿ’, ‘ಪೂರ್ವಕ್ಕೆ ಹರಿಯುವ ಪ್ರವಾಹ’ ಅಂತ ಬರೆಯಿರಿ. ‘ಈಸ್ಟರ್ಲಿ ಕರೆಂಟ್’ ಎಂದಷ್ಟೇ ಇದ್ದು ಬರೆದವರ ಲೆಕ್ಕ ಯಾವುದೆಂದು ತಿಳಿಯದಿದ್ದರೆ, ನಕಾಶೆಯಲ್ಲಿ ಆ ಪ್ರವಾಹದ ಬಾಣ ಯಾವ ಕಡೆಗಿದೆ ನೋಡಿ, ಆಮೇಲೆ ಬರೆಯಿರಿ.