ಗಾಜಿಗೆ ತೂತು: ಯಾವ ಗಾಜಿಗೆ, ಯಾವ ಅಳತೆಗೆ, ಯಾವ ಬಿಟ್

ಬಿಟ್ ತರಲು ಅಂಗಡಿಗೆ ಹೋಗುವ ಮೊದಲು ಗಾಜು ಟಫನ್ಡ್ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಿ. ಟಫನ್ಡ್ ಆಗಿದ್ದರೆ ಅದಕ್ಕೆ ತೂತು ಹಾಕುವ ಬಿಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಾದಾ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಮುಖಕ್ಕೆ ಜೋರಾಗಿ ಗಾಳಿ ಊದಿ ಒಮ್ಮೆಲೇ ಆರಿಸಿದರೆ ಟಫನ್ಡ್ ಗಾಜಾಗುತ್ತದೆ. ಮೇಲ್ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನ ಭಾಗ ಆಮೇಲೆ ಕುಗ್ಗುತ್ತದೆ. ಹೀಗಾಗಿ ಮೇಲ್ಪದರ ಯಾವಾಗಲೂ ಒತ್ತಡದಲ್ಲಿ, ನಡುಭಾಗ ಯಾವಾಗಲೂ ಎಳೆತದಲ್ಲಿ ಇರುತ್ತದೆ. ಒತ್ತಡದ ಪದರ ಪ್ರತಿ ಬದಿಗೆ ದಪ್ಪದ ಸುಮಾರು ಐದನೆಯ ಒಂದು ಭಾಗ, ಅಂದರೆ 10 ಮಿ.ಮೀ. ಗಾಜಿನಲ್ಲಿ ಸುಮಾರು 2 ಮಿ.ಮೀ. ಬಿಟ್ ಆ ಪದರ ದಾಟಿ ಎಳೆತದ ಭಾಗಕ್ಕೆ ತಾಗಿತೆಂದರೆ ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ.

ಗುರುತಿಸುವುದು ಹೇಗೆ? ಮೂಲೆಯಲ್ಲಿ ಅಚ್ಚಿನ ಗುರುತು ಹುಡುಕಿ. ಸುರಕ್ಷಾ ಗಾಜಿಗೆ ಭಾರತೀಯ ಮಾನಕ ಐಎಸ್ 2553. ಗುರುತು ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಗಾಜು ಹಿಡಿದು, ಪೋಲರಾಯ್ಡ್ ಕನ್ನಡಕ ಹಾಕಿ ತಲೆ ಓರೆ ಮಾಡುತ್ತ ನೋಡಿ. ಟಫನ್ಡ್ ಗಾಜಿನಲ್ಲಿ ಕಪ್ಪು-ಬಿಳುಪು ಇಲ್ಲವೆ ಬಣ್ಣದ ಮಚ್ಚೆಗಳು, ಪಟ್ಟೆಗಳು ಕಾಣುತ್ತವೆ. ಸಾದಾ ಗಾಜು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅನುಮಾನ ಉಳಿದರೆ ಬೈರಿಗೆ ಮುಟ್ಟಬೇಡಿ. ಬಾತ್‌ರೂಮಿನ ಗಾಜಿನ ಬಾಗಿಲು, ಅಂಗಡಿಯ ಮುಂಬಾಗಿಲುಗಳನ್ನು ಟಫನ್ಡ್ ಎಂದೇ ಹಿಡಿದು ನಡೆಯಿರಿ. ಅವುಗಳಿಗೆ ತೂತು ಬೇಕಿದ್ದರೆ ಕುಲುಮೆಗೆ ಹೋಗುವ ಮೊದಲೇ ಅಳತೆ ಕೊಟ್ಟು ಹಾಕಿಸಬೇಕು.

ಕತ್ತರಿಸುವುದಲ್ಲ, ಅರೆಯುವುದು

ಕಬ್ಬಿಣ ಬಿಟ್‌ನ ಅಲಗಿಗೆ ಸಿಕ್ಕಿ ಸುರುಳಿಯಾಗಿ ಹೊರಬರುತ್ತದೆ. ಗಾಜು ಹಾಗೆ ಬರುವುದಿಲ್ಲ; ಬಾಗದೆ ನೇರವಾಗಿ ಸೀಳುತ್ತದೆ. ಅದನ್ನು ಸಣ್ಣಸಣ್ಣ ಕಣವಾಗಿ ಅರೆದು ತೆಗೆಯಬೇಕು. ಬಿಟ್ ಆಯ್ಕೆಯ ಪೂರ್ತಿ ವಿಷಯ ಇಷ್ಟರಲ್ಲೇ ಇದೆ. ಕಬ್ಬಿಣದ ಕೆಲಸದ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಗಾಜಿಗಿಂತ ಗಟ್ಟಿಯೇ, ಆದರೂ ಇಲ್ಲಿ ಕೆಲಸಕ್ಕೆ ಬಾರದು. ಅದರ ಅಂಚು ಗಾಜನ್ನು ಉಜ್ಜುತ್ತ ಬಿಸಿಯಾಗಿ ಮೊಂಡಾಗುತ್ತದೆ, ಮೊಂಡಾದ ಬಿಟ್ ಮೇಲೆ ಒತ್ತಿದರೆ ಗಾಜು ಬಿರಿಯುತ್ತದೆ. ಗೋಡೆಯ ಕಾಂಕ್ರೀಟ್ ಬಿಟ್‌ನ ತುದಿಗೂ ಕಾರ್ಬೈಡ್ ಎಂಬ ಬಹಳ ಗಟ್ಟಿ ವಸ್ತು ಇದೆ, ಆದರೆ ಅದರ ಮೂತಿ ಹೊಡೆತಕ್ಕೆ ಮಾಡಿದ ಮೊಂಡು ಮೂತಿ. ಗಾಜಿನ ಕೆಲಸಕ್ಕೆ ಅದು ಬೇಡ. ಮಷೀನಿನ ಹ್ಯಾಮರ್ ಗುಂಡಿ ಬಂದ್ ಇದೆಯೇ ಎಂದು ಪ್ರತಿ ಸಲ ನೋಡಿ. ಅದೊಂದು ಮರೆತರೆ ಬಿಟ್ ಎಷ್ಟೇ ಚಲೋ ಇದ್ದರೂ ಗಾಜು ಉಳಿಯದು.

ಉಳಿಯುವುದು ಎರಡೇ ಬಗೆ. ಒಂದು, ಭರ್ಚಿಯ ತುದಿಯಂಥ ಚಪ್ಪಟೆ ಮೂತಿಯ ಕಾರ್ಬೈಡ್ ಬಿಟ್. ಸಾಮಾನ್ಯವಾಗಿ 3ರಿಂದ 12 ಮಿ.ಮೀ. ವರೆಗೆ ಸಿಗುತ್ತದೆ, ಅಗ್ಗ, ಮೊನೆ ಇರುವುದರಿಂದ ಗುರುತಿನ ಮೇಲೆ ನಿಲ್ಲುತ್ತದೆ. 4–5 ಮಿ.ಮೀ. ದಪ್ಪದ ಸಾದಾ ಗಾಜಿಗೆ 6 ಮಿ.ಮೀ. ಒಳಗಿನ ನಾಲ್ಕಾರು ತೂತಿಗೆ ಸಾಕು. ಆದರೆ ಮೊನೆ ಗಾಜಿನ ಆ ಬದಿಗೆ ಹಾಯುವಾಗ ಅಂಚಿನಿಂದ ಹಳಕು ಏಳುತ್ತದೆ, ದೊಡ್ಡ ಅಳತೆಯಲ್ಲಿ ಇದು ಇನ್ನೂ ಹೆಚ್ಚು. 8 ಮಿ.ಮೀ. ದಾಟಿದರೆ ವಜ್ರದ ಬಿಟ್ ಹಿಡಿಯುವುದೇ ಲೇಸು.

ಎರಡನೆಯದು ವಜ್ರದ ಕೊಳವೆ ಬಿಟ್. ನಡುವಿನ ಬಿಲ್ಲೆಯನ್ನು ಹಾಗೇ ಬಿಟ್ಟು ಸುತ್ತಲಿನ ಉಂಗುರವನ್ನಷ್ಟೇ ಅರೆಯುತ್ತದೆ. ತೆಗೆಯಬೇಕಾದ ಗಾಜು ಕಡಿಮೆ, ಬಿಸಿಯೂ ಕಡಿಮೆ. ಇದರಲ್ಲೂ ಎರಡು ತರಹ. ನಿಕಲ್ ಲೇಪದಲ್ಲಿ ವಜ್ರದ ಒಂದೇ ಪದರ ಹಿಡಿಸಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ಬಿಟ್: ಹೊಸದಿದ್ದಾಗ ಚುರುಕು, ಪದರ ಸವೆದ ಮೇಲೆ ಎಸೆಯಬೇಕು. ಲೋಹದ ಪುಡಿಯೊಂದಿಗೆ ವಜ್ರ ಬೆರೆಸಿ ಬೇಯಿಸಿದ ಸಿಂಟರ್ಡ್ ಬಿಟ್‌ನಲ್ಲಿ ಒಳಗೂ ವಜ್ರ ಇರುತ್ತದೆ. ಲೋಹ ಸವೆದಂತೆ ಹೊಸ ಕಣ ಹೊರಬರುತ್ತದೆ. ಬೆಲೆ ಹೆಚ್ಚು, ಅಲುಗಾಡದ ಬೆಂಚ್ ಡ್ರಿಲ್ ಬೇಕು. ದಿನವೂ ಗಾಜಿನ ಕೆಲಸ ಇರುವ ಅಲ್ಯೂಮಿನಿಯಂ ಸೆಕ್ಷನ್ ಅಂಗಡಿಗೆ ಇದು ಹೊಂದುತ್ತದೆ. ಬಾಗಲಕೋಟೆಯ ನವನಗರದ ಒಂದು ಮನೆಗೆ ನಾಲ್ಕು ಕನ್ನಡಿ ಹಾಕುವವರಿಗೆ ಲೇಪದ ಬಿಟ್ ಸಾಕು.

ಅಳತೆ ಮತ್ತು ಜಾಗ

ಬೆಳಗಾವಿ ಕಡೆಯ ಅಂಗಡಿಗಳಲ್ಲಿ ಬಿಟ್ ಅನ್ನು ಸೂತಿನ ಲೆಕ್ಕದಲ್ಲೂ ಕೇಳುತ್ತಾರೆ. ಒಂದು ಸೂತು ಇಂಚಿನ ಎಂಟನೆಯ ಒಂದು ಭಾಗ, 3.175 ಮಿ.ಮೀ. ಎರಡು ಸೂತು 6.35, ನಾಲ್ಕು ಸೂತು 12.7 ಆಗುತ್ತದೆ. ‘ಆರರ ಬಿಟ್’ ಎಂದು ಹೇಳಿ ಎರಡು ಸೂತಿನದು ತಂದರೆ ತೂತಿನಲ್ಲಿ ಕೂರಿಸುವ ಬುಷ್ (ಸ್ಕ್ರೂ ಸುತ್ತಲಿನ ಸಣ್ಣ ಕೊಳವೆ) ಸಡಿಲಾಗುತ್ತದೆ. ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಿ.

ಸ್ಕ್ರೂವಿನ ಲೋಹ ಗಾಜಿಗೆ ನೇರವಾಗಿ ತಾಗಬಾರದು. 6 ಮಿ.ಮೀ. ಸ್ಕ್ರೂ ಇದ್ದರೆ 8ರಿಂದ 10 ಮಿ.ಮೀ. ತೂತು ಹಾಕಿ, ನಡುವೆ ನೈಲಾನ್ ಬುಷ್, ಎರಡೂ ಬದಿಗೆ ಫೈಬರ್ ಇಲ್ಲವೆ ರಬ್ಬರ್ ವಾಷರ್ ಕೊಡಿ. ತೂತಿನ ವ್ಯಾಸ ಗಾಜಿನ ದಪ್ಪಕ್ಕಿಂತ ಕಡಿಮೆ ಇರಬಾರದು. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ದಪ್ಪದ ಎರಡು ಪಟ್ಟು, ಎರಡು ತೂತುಗಳ ನಡುವೆಯೂ ಎರಡು ಪಟ್ಟು, ಮೂಲೆಯಿಂದ ಆರು ಪಟ್ಟು ದೂರ ಬಿಡಿ. 6 ಮಿ.ಮೀ. ಗಾಜಿಗೆ ಇವು 12, 12, 36 ಮಿ.ಮೀ. ಆಗುತ್ತವೆ. ಟಫನ್ ಮಾಡಿಸುವ ಗಾಜಿಗೆ ಇದು ನಿಯಮ. ಸಾದಾ ಗಾಜಿಗೂ ಇದನ್ನೇ ಪಾಲಿಸುವುದು ಒಳ್ಳೆಯದು, ಇಕ್ಕಟ್ಟಿನ ಜಾಗದಿಂದಲೇ ಬಿರುಕು ಹೊರಡುತ್ತದೆ.

ವೇಗದ ಲೆಕ್ಕ

ಕೈಮಷೀನಿನಲ್ಲಿ ವಜ್ರದ ಬಿಟ್‌ಗೆ ಆರಂಭದ ಅಂದಾಜು ಹೀಗೆ ತೆಗೆಯಬಹುದು: 18,000ವನ್ನು ಬಿಟ್‌ನ ವ್ಯಾಸದಿಂದ (ಮಿ.ಮೀ.) ಭಾಗಿಸಿ. 6ಕ್ಕೆ ನಿಮಿಷಕ್ಕೆ 3,000 ಸುತ್ತು, 12ಕ್ಕೆ 1,500, 25ಕ್ಕೆ 720, 50ಕ್ಕೆ 360. ಇವೆಲ್ಲದರಲ್ಲೂ ಅಂಚಿನ ವೇಗ ನಿಮಿಷಕ್ಕೆ ಸುಮಾರು 56 ಮೀಟರ್ ಇರುತ್ತದೆ. ಬಿಟ್ ದೊಡ್ಡದಾದಂತೆ ಸುತ್ತು ಇಳಿಸಬೇಕಾದ ಕಾರಣ ಇದೇ. ಮಷೀನು ಅಷ್ಟು ವೇಗ ಓಡದಿದ್ದರೆ ಕಡಿಮೆ ವೇಗದಲ್ಲೂ ಕೆಲಸ ಆಗುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೆ. ಕಾರ್ಬೈಡ್ ಭರ್ಚಿ ಬಿಟ್‌ಗೆ ಈ ಲೆಕ್ಕ ಹಾಕಬೇಡಿ. ಅದನ್ನು ಇನ್ನೂ ನಿಧಾನ, ಕೆಲವು ನೂರು ಸುತ್ತಿನಲ್ಲೇ ಓಡಿಸಿ.

ತೂತು ಹಾಕುವ ಕ್ರಮ

ಗಾಜಿನ ಕೆಳಗೆ ಸಮತಟ್ಟಾದ ಪ್ಲೈವುಡ್, ಅದರ ಮೇಲೆ ತೆಳು ರಬ್ಬರ್ ಹಾಳೆ ಇಡಿ; ಎಲ್ಲಿಯೂ ಪೊಳ್ಳು ಇರಬಾರದು. ಕೊಳವೆ ಬಿಟ್‌ಗೆ ಮೊನೆ ಇಲ್ಲ, ನೇರ ಇಟ್ಟರೆ ಗಾಜಿನ ಮೇಲೆ ಜಾರಿ ಗೀಚುತ್ತದೆ. ಅದಕ್ಕೆ ಪ್ಲೈವುಡ್ ತುಂಡಿಗೆ ಅದೇ ಅಳತೆಯ ತೂತು ಹಾಕಿ, ಡಬಲ್ ಸೈಡ್ ಟೇಪ್‌ನಿಂದ ಗಾಜಿಗೆ ಅಂಟಿಸಿ ದಾರಿ ಮಾಡಿಕೊಳ್ಳಿ. ಆ ಪ್ಲೈವುಡ್ ತೂತನ್ನು ಮರದ ಬಿಟ್‌ನಲ್ಲೇ ಹಾಕಿ. ವಜ್ರದ ಬಿಟ್ ಬಳಸಿದರೆ ಮರದ ಪುಡಿ, ಅಂಟು ಕೂತು ಕೆಡುತ್ತದೆ. ಪ್ಲೈವುಡ್ ಇಲ್ಲದಿದ್ದರೆ ಬಿಟ್ ಅನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಬಿದಿಗೆ ಚಂದ್ರನಷ್ಟು ಗೆರೆ ಕೊರೆಯಿರಿ, ಅದು ಹಿಡಿತಕ್ಕೆ ಬಂದ ಮೇಲೆ ಮೆಲ್ಲಗೆ ನೇರ ಮಾಡಿ.

ಗುರುತಿನ ಸುತ್ತ ಗೋದಿ ಹಿಟ್ಟಿನ ಕಣಕ ಇಲ್ಲವೆ ಪುಟ್ಟಿಯಿಂದ ಬದು ಕಟ್ಟಿ, ಒಳಗೆ ನೀರು ತುಂಬಿಸಿ. ನೀರು ತಂಪು ಮಾಡುವುದರ ಜೊತೆಗೆ ಅರೆದ ಪುಡಿಯನ್ನೂ ಹೊರತರುತ್ತದೆ. ಅದಕ್ಕೆ ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಬಿಟ್ ಅನ್ನು ಸ್ವಲ್ಪ ಮೇಲೆತ್ತಿ, ನೀರು ಕೊಳವೆಯೊಳಗೆ ಹೋಗಲಿ. ಬದುವಿನಲ್ಲಿ ಹಾಲಿನಂಥ ನೀರು ಕಂಡರೆ ಸರಿ ನಡೆದಿದೆ. ಒಣ ಬಿಳಿ ಪುಡಿ ಬಂದರೆ, ಇಲ್ಲವೆ ಕೀರಲು ದನಿ ಎದ್ದರೆ ತಕ್ಷಣ ನಿಲ್ಲಿಸಿ.

ಒತ್ತುವುದು ಬೇಡ, ಮಷೀನಿನ ತೂಕವೇ ಹೆಚ್ಚುಕಡಿಮೆ ಸಾಕು. ಕಡೆಯ 1 ಮಿ.ಮೀ. ಉಳಿದಾಗ ಆ ತೂಕವನ್ನೂ ಕೈಯಲ್ಲೇ ಎತ್ತಿ ಹಿಡಿಯಿರಿ. ಅಲ್ಲಿ ಉಳಿದ ತೆಳು ಪದರ ಒತ್ತಡ ತಾಳದೆ ಕಿತ್ತುಬರುವುದರಿಂದಲೇ ಹಿಂಬದಿ ಹಳಕು ಏಳುವುದು. ದಪ್ಪ ಗಾಜಿಗೆ ಅರ್ಧ ಒಂದು ಬದಿಯಿಂದ, ಅರ್ಧ ಇನ್ನೊಂದು ಬದಿಯಿಂದ ಹಾಕಿದರೆ ಈ ತೊಂದರೆ ಇಲ್ಲ, ಗುರುತು ಮಾತ್ರ ಎರಡೂ ಕಡೆ ಸರಿ ಕೂಡಬೇಕು.

ನೀರಿನ ಜೊತೆ 230 ವೋಲ್ಟ್ ಮಷೀನು ಅಪಾಯ. ಬ್ಯಾಟರಿ ಡ್ರಿಲ್ ಬಳಸಿ. ಇಲ್ಲದಿದ್ದರೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನ್‌ನಿಂದಲೇ ಕರೆಂಟ್ ತೆಗೆದುಕೊಳ್ಳಿ. ಕಣ್ಣಿಗೆ ಗಾಗಲ್, ಮೂಗಿಗೆ ಮಾಸ್ಕ್ ಬೇಕೇ ಬೇಕು.

ಈ ಭಾಗದವರು ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ನೆರಳೇ 40 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಬಿದ್ದ ಗಾಜು ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಸಾದಾ ಗಾಜು ಒಂದು ಜಾಗಕ್ಕೂ ಇನ್ನೊಂದಕ್ಕೂ ಸುಮಾರು 40 ಡಿಗ್ರಿ ವ್ಯತ್ಯಾಸವಾದರೆ ಬಿರಿಯಬಹುದು. ಕಾದ ಗಾಜಿನ ಮೇಲೆ ಫ್ರಿಜ್ ನೀರು ಹಾಕಬೇಡಿ. ಗಾಜು, ನೀರು ಎರಡನ್ನೂ ನೆರಳಿನಲ್ಲಿ ಒಂದು ತಾಸು ಇಟ್ಟು ಕೆಲಸ ಶುರು ಮಾಡಿ.

ಕನ್ನಡಿ, ಲ್ಯಾಮಿನೇಟೆಡ್ ಗಾಜು

ಲ್ಯಾಮಿನೇಟೆಡ್ ಗಾಜಿನ ನಡುವಿನ ಪ್ಲಾಸ್ಟಿಕ್ ಪದರ ಬಿಸಿಗೆ ಮೆತ್ತಗಾಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಎರಡೂ ಬದಿಯಿಂದ ಹಾಕಬೇಕು. ಕಲಿಯುವವರು ಇದರಿಂದ ಶುರು ಮಾಡುವುದು ಬೇಡ. ಕನ್ನಡಿಯ ಹಿಂಬದಿಗೆ ಟೇಪ್ ಹಚ್ಚಿ, ಅದು ಪ್ಲೈವುಡ್‌ಗೆ ಗಟ್ಟಿ ಕೂತಿರಲಿ, ಇಲ್ಲದಿದ್ದರೆ ಹಳಕಿನ ಜೊತೆ ಬೆಳ್ಳಿಯ ಲೇಪವೂ ಏಳುತ್ತದೆ. ಕೆಲಸ ಮುಗಿದ ಕೂಡಲೇ ನೀರು ಒರೆಸಿ, ಒಣಗಿಸಿ, ತೂತಿನ ಒಳ ಅಂಚಿಗೆ ವಾರ್ನಿಷ್ ಸವರಿ. ಲೇಪದ ಅಂಚಿಗೆ ತೇವ ಹೊಕ್ಕರೆ ಕ್ರಮೇಣ ತೂತಿನ ಸುತ್ತ ಕಪ್ಪು ಕಲೆ ಹರಡುತ್ತದೆ.

ಬಿಟ್ ಸವೆದಿದೆಯೇ?

ಪ್ರತಿ ತೂತಿನ ನಂತರ ಕೊಳವೆಯೊಳಗೆ ಸಿಕ್ಕ ಬಿಲ್ಲೆಯನ್ನು ತಂತಿಯಿಂದ ತಳ್ಳಿ ತೆಗೆಯಿರಿ. ಅದು ಒಳಗೇ ಉಳಿದರೆ ಮುಂದಿನ ತೂತಿನಲ್ಲಿ ಗಾಜಿಗೆ ಗಾಜೇ ಒತ್ತಿ ಬಿರುಕು ಬರುತ್ತದೆ. ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ: ತರಿತರಿ ಇದ್ದರೆ ವಜ್ರ ಉಳಿದಿದೆ, ಲೇಪದ ಬಿಟ್ ನುಣುಪಾಗಿ ಹೊಳೆದರೆ ಅದರ ಆಯುಷ್ಯ ಮುಗಿದಿದೆ. ಸಿಂಟರ್ಡ್ ಬಿಟ್ ನುಣುಪಾಗಿದ್ದರೆ ಎಸೆಯಬೇಡಿ. ನೀರು ಹಾಕುತ್ತ ಸಾಣೆಕಲ್ಲಿನಲ್ಲಿ ಒಂದೆರಡು ಮಿ.ಮೀ. ಆಳ ಕೊರೆದರೆ ಮೇಲಿನ ಲೋಹ ಸವೆದು ಹೊಸ ವಜ್ರ ಮೇಲೆ ಬರುತ್ತದೆ.